ಕ್ರಿಸ್ಮಸ್ ಅಲಂಕಾರ ಇಳಿಸುವ ದಿನ: ಪುತ್ತೂರು, ಸುಳ್ಯ, ಕಡಬ

ಕ್ರಿಸ್ಮಸ್ ಕಳೆದ ಮೇಲೆ ಗೋದಲಿ (ಕ್ರಿಸ್ತಜನನದ ದೃಶ್ಯದ ಮಾದರಿ), ನಕ್ಷತ್ರ, ದೀಪದ ಸರ, ಕ್ರಿಸ್ಮಸ್ ಮರ ಇವನ್ನೆಲ್ಲ ಬಿಚ್ಚಿ ತೆಗೆದಿಡಲು ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳಲ್ಲಿ ಎಲ್ಲರೂ ಒಪ್ಪಿದ ಒಂದು ದಿನವಿಲ್ಲ. ಹೊಸ ವರ್ಷ ಬಂದಾಯಿತೆಂದು ಜನವರಿ 2ಕ್ಕೇ ಏಣಿ ಹಾಕುವವರಿದ್ದಾರೆ. ಜನವರಿ 6ನ್ನು ಕಾಯುವವರಿದ್ದಾರೆ. ಚರ್ಚಿನ ಗೋದಲಿ ಇರುವಷ್ಟು ದಿನ ಮನೆಯದೂ ಇರಲಿ ಎನ್ನುವವರಿದ್ದಾರೆ. ಪುರುಸೊತ್ತಾದಾಗ ನೋಡೋಣವೆಂದು ಫೆಬ್ರವರಿಯವರೆಗೂ ನಕ್ಷತ್ರವನ್ನು ಮಾಡಿನ ಅಂಚಿನಲ್ಲೇ ಬಿಡುವವರೂ ಇದ್ದಾರೆ. ಹಬ್ಬ ಯಾವ ರಾತ್ರಿ ತೊಡಗುತ್ತದೆ ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. ಅದು ಎಂದು ಮುಗಿಯುತ್ತದೆ ಎನ್ನುವಲ್ಲಿ ಮಾತ್ರ ಮಾತು ಹಲವಾಗುತ್ತದೆ. ಇದನ್ನು ಬರಿಯ ಸೋಮಾರಿತನ ಅಥವಾ ಅವರವರ ಖುಷಿ ಎಂದು ಬದಿಗೊತ್ತುವುದು ಸರಿಯಲ್ಲ. ಈ ಹಲವು ದಿನಗಳ ಹಿಂದೆ ಹಲವು ಕ್ಯಾಲೆಂಡರುಗಳಿವೆ, ಆ ಕ್ಯಾಲೆಂಡರುಗಳ ಹಿಂದೆ ಬೇರೆ ಬೇರೆ ದಾರಿಯಲ್ಲಿ ಈ ಊರುಗಳಿಗೆ ಬಂದು ನೆಲೆಸಿದ ಸಮುದಾಯಗಳಿವೆ. ಆದರೂ ಅವುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಕ್ರಿಸ್ಮಸ್ ಕಾಲದ ಕೊನೆಯನ್ನು ಎಲ್ಲವೂ ಹೆಚ್ಚುಕಡಿಮೆ ಒಂದೇ ಘಟನೆಯ ಹತ್ತಿರ ತಂದು ನಿಲ್ಲಿಸುತ್ತವೆ. ಅದು ಬೆತ್ಲೆಹೇಮಿನದಲ್ಲ, ಜೋರ್ದಾನ್ ಹೊಳೆಯದು: ಯೇಸು ಯೊವಾನ್ನನಿಂದ ಜ್ಞಾನಸ್ನಾನ ಪಡೆದದ್ದು. ಜನವರಿ 6ರಿಂದ 13ರೊಳಗೆ ಬೀಳುವ ಆ ಆಚರಣೆಯೇ ಅಲಂಕಾರ ಇಳಿಸಲು ಹೆಚ್ಚು ಗಟ್ಟಿಯಾದ ಆಧಾರ ಎಂಬುದು ಈ ಲೇಖನದ ವಾದ.

ಮೊದಲು ಈ ಮೂರು ತಾಲೂಕುಗಳ ಕ್ರೈಸ್ತರು ಯಾರೆಂದು ನೋಡಬೇಕು. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆಯಲ್ಲಿ ಕ್ರೈಸ್ತರು ಶೇಕಡ 8ರಷ್ಟು. ಮಂಗಳೂರು ನಗರದಲ್ಲಿ ಕ್ರೈಸ್ತರೆಂದರೆ ಬಹುಮಟ್ಟಿಗೆ ಕೊಂಕಣಿ ಮಾತಾಡುವ ಕೆಥೋಲಿಕರು. ಘಟ್ಟದ ಬುಡಕ್ಕೆ ಬಂದಂತೆ ಈ ಚಿತ್ರ ಬದಲಾಗುತ್ತದೆ. ಪುತ್ತೂರಿನ ಮಾಯ್ ದೆ ದೇವುಸ್, ಸುಳ್ಯದ ಸಂತ ಬ್ರಿಜಿಡ್, ಕಡಬದ ಸಂತ ಜೋಕಿಮ್ ಚರ್ಚುಗಳು 1887ರಲ್ಲಿ ಸ್ಥಾಪನೆಯಾದ ಮಂಗಳೂರು ಧರ್ಮಪ್ರಾಂತ್ಯಕ್ಕೆ, ಅಂದರೆ ಲ್ಯಾಟಿನ್ ವಿಧಿಗೆ ಸೇರಿದವು. ಇಪ್ಪತ್ತನೆಯ ಶತಮಾನದ ನಡುವಿನಿಂದ ತಿರುವಾಂಕೂರು ಸೀಮೆಯ ಕೃಷಿಕರು ಕಾಡಂಚಿನ ಜಾಗ ಕೊಂಡು ರಬ್ಬರ್, ಕರಿಮೆಣಸು, ಮರಗೆಣಸು ಬೆಳೆಯುತ್ತ ನೆಲ್ಯಾಡಿ, ಕಡಬ, ಸುಳ್ಯದ ಸುತ್ತ ನೆಲೆಸಿದರು. ಅವರೊಂದಿಗೆ ಸುರಿಯಾನಿ ಪರಂಪರೆಯ ಹಲವು ಸಭೆಗಳು ಬಂದವು. ಸಿರೋ ಮಲಬಾರ್ ಸಭೆಗೆ 1999ರಲ್ಲಿ ಬೆಳ್ತಂಗಡಿ ಧರ್ಮಪ್ರಾಂತ್ಯವಾಯಿತು; ಸಿರೋ ಮಲಂಕರ ಸಭೆಗೆ 2010ರಲ್ಲಿ ಪುತ್ತೂರನ್ನೇ ಕೇಂದ್ರವಾಗಿಟ್ಟುಕೊಂಡ ಧರ್ಮಪ್ರಾಂತ್ಯವಾಯಿತು; ಇಚ್ಲಂಪಾಡಿಯಂಥ ಹಳ್ಳಿಯಲ್ಲಿ ಸಂತ ಜಾರ್ಜರ ಹೆಸರಿನ ಆರ್ಥೊಡಾಕ್ಸ್ ಚರ್ಚಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಉತ್ತರಾಧಿಕಾರಿಗಳಾದ ಸಿ.ಎಸ್.ಐ. ಸಭೆಯವರೂ ಪುತ್ತೂರಿನಲ್ಲಿದ್ದಾರೆ. ಒಂದೇ ರಸ್ತೆಯ ಮೇಲೆ ಮೂರು ನಾಲ್ಕು ಬಗೆಯ ಆರಾಧನಾ ಕ್ರಮ ಪಾಲಿಸುವ ಮನೆಗಳಿರುವುದು ನೆಲ್ಯಾಡಿಯ ಕಡೆಗೆ ವಿಶೇಷವೇನಲ್ಲ. ಪಕ್ಕದ ಮನೆಯ ನಕ್ಷತ್ರ ಇಳಿಯಿತು, ನಮ್ಮದು ಯಾಕೆ ಇನ್ನೂ ಇದೆ ಎಂದು ಮಕ್ಕಳು ಕೇಳಿದರೆ ಅದಕ್ಕೆ ಉತ್ತರ ಈ ಇತಿಹಾಸದಲ್ಲಿದೆ.

ಲ್ಯಾಟಿನ್ ವಿಧಿಯ ಲೆಕ್ಕ ಹೀಗಿದೆ. 1969ರಲ್ಲಿ ಪರಿಷ್ಕೃತವಾಗಿ 1970ರ ಜನವರಿ 1ರಿಂದ ಜಾರಿಗೆ ಬಂದ ರೋಮನ್ ಕ್ಯಾಲೆಂಡರಿನಲ್ಲಿ ಕ್ರಿಸ್ಮಸ್ ಕಾಲ ಡಿಸೆಂಬರ್ 24ರ ಸಂಜೆಯ ಪ್ರಾರ್ಥನೆಯಿಂದ ತೊಡಗಿ ಪ್ರಭುವಿನ ಜ್ಞಾನಸ್ನಾನದ ಹಬ್ಬದವರೆಗೆ ನಡೆಯುತ್ತದೆ. ಮೂಡಣದ ಜ್ಞಾನಿಗಳು ಶಿಶುವನ್ನು ಕಂಡ ಹಬ್ಬ ಮೂಲತಃ ಜನವರಿ 6ರದು. ಆ ದಿನ ಕಡ್ಡಾಯವಾಗಿ ಪೂಜೆಗೆ ಹೋಗಬೇಕಾದ ಹಬ್ಬವಲ್ಲದ ದೇಶಗಳಲ್ಲಿ ಅದನ್ನು ಜನವರಿ 2ರಿಂದ 8ರೊಳಗಿನ ಭಾನುವಾರಕ್ಕೆ ಸರಿಸಲಾಗುತ್ತದೆ. ಭಾರತ ಆ ಪಟ್ಟಿಯಲ್ಲಿದೆ. ಜ್ಞಾನಸ್ನಾನದ ಹಬ್ಬ ಅದರ ಮುಂದಿನ ಭಾನುವಾರ. ಜ್ಞಾನಿಗಳ ಹಬ್ಬವೇ 7 ಅಥವಾ 8ಕ್ಕೆ ಬಿದ್ದರೆ ಭಾನುವಾರ ಕಾಯದೆ ಮರುದಿನ ಸೋಮವಾರವೇ ಜ್ಞಾನಸ್ನಾನ. ಹೀಗಾಗಿ ಕಾಲದ ಕೊನೆ ಜನವರಿ 8ಕ್ಕಿಂತ ಮೊದಲು ಬರುವುದಿಲ್ಲ, 13ನ್ನು ದಾಟುವುದೂ ಇಲ್ಲ. ಈ 13ಕ್ಕೂ ಹಳೆಯ ಬೇರಿದೆ. ಹಿಂದೆ ಜನವರಿ 6ರ ಹಬ್ಬವನ್ನು ಎಂಟು ದಿನ ಆಚರಿಸುತ್ತಿದ್ದರು, ಎಂಟನೆಯ ದಿನವಾದ 13ಕ್ಕೆ ಜ್ಞಾನಸ್ನಾನವನ್ನು ನೆನೆಯುತ್ತಿದ್ದರು. 1955ರ ಆದೇಶ ಆ ಎಂಟು ದಿನಗಳ ಸರಣಿಯನ್ನು ಕೈಬಿಟ್ಟಿತು, 13ರ ಜ್ಞಾನಸ್ನಾನವನ್ನು ಮಾತ್ರ ಉಳಿಸಿಕೊಂಡಿತು. ಸ್ವೀಡನ್ನಿನವರು ಇಂದಿಗೂ ಸಂತ ಕ್ನೂಟನ ದಿನವೆಂದು ಜನವರಿ 13ಕ್ಕೆ, ಕ್ರಿಸ್ಮಸ್‌ನಿಂದ ಎಣಿಸಿದರೆ ಇಪ್ಪತ್ತನೆಯ ದಿನಕ್ಕೆ, ಮರ ಹೊರಗೆ ಹಾಕುತ್ತಾರೆ. ವ್ಯಾಟಿಕನ್ನಿನ ಸಂತ ಪೇತ್ರರ ಚೌಕದಲ್ಲಿ 1982ರಿಂದ ಕಟ್ಟುತ್ತ ಬಂದಿರುವ ಗೋದಲಿಯೂ ಇತ್ತೀಚಿನ ವರ್ಷಗಳಲ್ಲಿ ಜ್ಞಾನಸ್ನಾನದ ಹಬ್ಬದವರೆಗೆ ಇರುತ್ತದೆ.

ಸುರಿಯಾನಿ ಪರಂಪರೆಯ ಮನೆಗಳ ಲೆಕ್ಕ ಬೇರೆ. ಅವರಿಗೆ ಜನವರಿ 6 ‘ದನಹಾ’ ಹಬ್ಬ. ಅಲ್ಲಿ ಮುಖ್ಯ ಘಟನೆ ಜ್ಞಾನಿಗಳ ಭೇಟಿಯಲ್ಲ, ನೇರವಾಗಿ ಜೋರ್ದಾನಿನ ಜ್ಞಾನಸ್ನಾನ. ಆರ್ಥೊಡಾಕ್ಸ್ ಮತ್ತು ಮಲಂಕರ ಸಭೆಗಳಲ್ಲಿ ಆ ದಿನ ನೀರನ್ನು ಆಶೀರ್ವದಿಸುವ ವಿಧಿಯಿದೆ. ಸಿರೋ ಮಲಬಾರ್ ಸಭೆಯ ವರ್ಷಚಕ್ರದಲ್ಲಿ ಕ್ರಿಸ್ತಜನನದ ಕಾಲ ಮುಗಿದು ‘ದನಹಾ ಕಾಲ’ವೆಂಬ ಬೇರೆಯೇ ಋತು ತೊಡಗುತ್ತದೆ, ಅಂದರೆ ಅವರ ಪುಸ್ತಕದಲ್ಲಿ ಕ್ರಿಸ್ಮಸ್ಸಿಗೆ ಅಲ್ಲಿಗೆ ಗೆರೆ ಎಳೆದಂತೆ. ತೃಶೂರು ಸೀಮೆಯ ಇರಿಂಞಾಲಕುಡದಲ್ಲಿ ಇದೇ ಹಬ್ಬಕ್ಕೆ ಮನೆಯೆದುರು ಬಾಳೆದಿಂಡು ನೆಟ್ಟು ದೀಪ ಹಚ್ಚುವ ‘ಪಿಂಡಿಕುತ್ತಿ’ ಪ್ರಸಿದ್ಧ. ಅಲಂಕಾರ ಇಳಿಸುವ ಹೊತ್ತಿಗೆ ಅಲ್ಲಿ ಹೊಸ ಅಲಂಕಾರವೇ ಏರುತ್ತದೆ. ಈ ಹಬ್ಬ ಡಿಸೆಂಬರ್ 25ರ ಬಾಲವಾಗಿ ಹುಟ್ಟಿದ್ದಲ್ಲ. ಡಿಸೆಂಬರ್ 25ರ ಆಚರಣೆಗೆ ಸಿಗುವ ಹಳೆಯ ದಾಖಲೆ ರೋಮಿನಲ್ಲಿ 354ರಲ್ಲಿ ಸಿದ್ಧವಾದ ಕಾಲಾವಳಿ. ಪೂರ್ವದ ಸಭೆಗಳು ಮೊದಲಿನಿಂದಲೂ ಜನವರಿ 6ನ್ನು ದೊಡ್ಡ ಹಬ್ಬವಾಗಿ ಆಚರಿಸುತ್ತ ಬಂದವು. ಅರ್ಮೇನಿಯದ ಸಭೆ ಈಗಲೂ ಜನನ, ಜ್ಞಾನಸ್ನಾನ ಎರಡನ್ನೂ ಆ ಒಂದೇ ದಿನ ಆಚರಿಸುತ್ತದೆ. ಹಾಗೆ ನೋಡಿದರೆ ಡಿಸೆಂಬರ್ 25 ಮತ್ತು ಜನವರಿ 6 ಒಂದೇ ಹಬ್ಬದ ಎರಡು ದಡಗಳು. ಲ್ಯಾಟಿನ್ ವಿಧಿಯವರು ಕೆಲವು ದಿನ ತಡವಾಗಿ, ಸುರಿಯಾನಿಯವರು ಕೆಲವು ದಿನ ಮೊದಲು, ಅಷ್ಟೇ. ಹಬ್ಬವನ್ನು ಮುಗಿಸುವ ಘಟನೆ ಇಬ್ಬರಿಗೂ ಒಂದೇ. ಕೊಂಕಣಿ ಮನೆಯವರೂ ಮಲಯಾಳಂ ಮನೆಯವರೂ ತಮ್ಮ ತಮ್ಮ ಪದ್ಧತಿಯೇ ಸರಿ ಎಂದು ಚರ್ಚೆಗೆ ಕುಳಿತರೆ ಅವರು ವಾದ ಮಾಡುತ್ತಿರುವುದು ತಾರೀಕಿನ ಬಗ್ಗೆ ಮಾತ್ರ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಸಭೆಯ ಕ್ಯಾಲೆಂಡರು ಆರಾಧನೆಯನ್ನು ನಿಯಂತ್ರಿಸುತ್ತದೆಯೇ ಹೊರತು ಮನೆಯ ಜಗಲಿಯಲ್ಲಿ ತೂಗಾಡುವ ನಕ್ಷತ್ರವನ್ನಲ್ಲ. ಅಲಂಕಾರ ಯಾವಾಗ ಇಳಿಸಬೇಕೆಂದು ಯಾವ ಸಭೆಯ ವಿಧಿಯೂ ಕಟ್ಟಪ್ಪಣೆ ಮಾಡಿಲ್ಲ. ಹೀಗಿರುವಾಗ ಅದನ್ನು ಇದಕ್ಕೆ ಗಂಟು ಹಾಕುವುದೇಕೆ? ಆಕ್ಷೇಪ ನ್ಯಾಯವಾದದ್ದು. ಉತ್ತರ ಹುಡುಕಬೇಕಾದದ್ದು ಅಲಂಕಾರದ ಸ್ವರೂಪದಲ್ಲಿ. ಇಂಗ್ಲೆಂಡ್, ಜರ್ಮನಿ, ಅಮೆರಿಕಗಳಲ್ಲಿ ಅಲಂಕಾರದ ನಡುಮಧ್ಯ ಇರುವುದು ಮರ. ಕಡಿದು ತಂದ ಸೂಚಿಪರ್ಣಿ ಮರ ದಿನಕಳೆದಂತೆ ಒಣಗಿ ಎಲೆ ಉದುರಿಸುತ್ತದೆ, ಬೆಂಕಿಗೆ ಬೇಗ ತುತ್ತಾಗುತ್ತದೆ. ಅಲ್ಲಿನ ಅಗ್ನಿಶಾಮಕದವರು ಹಬ್ಬ ಮುಗಿದೊಡನೆ ಮರ ಹೊರಹಾಕಿ ಎನ್ನುವುದು ಇದಕ್ಕೇ. ಪುತ್ತೂರಿನ ಸೀಮೆಯಲ್ಲಿ ಮರಕ್ಕೆ ಅಂಥ ಸ್ಥಾನವಿಲ್ಲ. ಗಾಳಿಮರದ ಕೊಂಬೆಯನ್ನೋ ಅಂಗಡಿಯ ಪ್ಲಾಸ್ಟಿಕ್ ಮರವನ್ನೋ ನಿಲ್ಲಿಸಿದರೂ ಅದು ಪಕ್ಕವಾದ್ಯ. ಇಲ್ಲಿನ ಅಲಂಕಾರದ ಜೀವ ಗೋದಲಿ, ಮಲಯಾಳಂ ಮನೆಗಳಲ್ಲಿ ಪುಲ್ಕೂಡು. ಗೋದಲಿ ಬರಿಯ ಚೆಂದದ ವಸ್ತುವಲ್ಲ, ಅದು ಕಥೆ ಹೇಳುತ್ತದೆ. ಕಥೆ ಹೇಳುವ ವಸ್ತುವನ್ನು ಕಥೆಯ ನಡುವೆ ಎತ್ತಿಡುವುದು ಯಕ್ಷಗಾನದಲ್ಲಿ ಪ್ರಸಂಗ ಮುಗಿಯುವ ಮೊದಲೇ ಚೌಕಿಯ ಪೆಟ್ಟಿಗೆ ಕಟ್ಟಿದಂತಾಗುತ್ತದೆ.

ಗೋದಲಿಯ ಕಥೆ ಎಲ್ಲಿಗೆ ಮುಗಿಯುತ್ತದೆ? 1223ರಲ್ಲಿ ಇಟಲಿಯ ಗ್ರೆಚ್ಚಿಯೊ ಎಂಬಲ್ಲಿ ಅಸ್ಸಿಸಿಯ ಫ್ರಾನ್ಸಿಸ್ ಹುಲ್ಲು, ಎತ್ತು, ಕತ್ತೆಗಳನ್ನಿಟ್ಟು ಕ್ರಿಸ್ತಜನನದ ದೃಶ್ಯ ಏರ್ಪಡಿಸಿದ ಮೇಲೆ ಈ ಪದ್ಧತಿ ಹರಡಿತು. ಇಂದು ಗೋದಲಿಯಲ್ಲಿ ಕುರುಬರೂ ಇರುತ್ತಾರೆ, ಒಂಟೆಯೇರಿದ ಜ್ಞಾನಿಗಳೂ ಇರುತ್ತಾರೆ. ಸುವಾರ್ತೆಗಳಲ್ಲಿ ಇವರು ಒಟ್ಟಿಗೆ ಬರುವುದಿಲ್ಲ. ಕುರುಬರ ಕಥೆ ಲೂಕನದು, ಅವರು ಬಂದದ್ದು ಅದೇ ರಾತ್ರಿ. ಜ್ಞಾನಿಗಳ ಕಥೆ ಮತ್ತಾಯನದು. ಅವರು ನಕ್ಷತ್ರದ ಬೆನ್ನು ಹತ್ತಿ ದೂರದಿಂದ ಬಂದವರು, ಹೊಕ್ಕದ್ದು ಕೊಟ್ಟಿಗೆಯನ್ನಲ್ಲ, ಮನೆಯನ್ನು. ಹೊರಗಿನ ನಕ್ಷತ್ರ, ಒಳಗಿನ ಗೋದಲಿ ಎರಡಕ್ಕೂ ಅರ್ಥ ಕೂಡಿಬರುವುದು ಈ ಜ್ಞಾನಿಗಳು ಬಂದು ಸೇರಿದಾಗ. ಶಿಸ್ತಿನಿಂದ ಗೋದಲಿ ಇಡುವ ಮನೆಗಳಲ್ಲಿ ಶಿಶುವಿನ ಬೊಂಬೆಯನ್ನು ಡಿಸೆಂಬರ್ 24ರ ರಾತ್ರಿ ಮಾತ್ರ ಮಲಗಿಸುತ್ತಾರೆ, ಜ್ಞಾನಿಗಳನ್ನು ದೂರದಲ್ಲಿಟ್ಟು ದಿನದಿನವೂ ಹತ್ತಿರ ಸರಿಸುತ್ತಾರೆ. ಗೋವೆಯ ಚಾಂದೋರ್, ಕನ್ಸಾವ್ಲಿ, ರೇಯಿಸ್ ಮಾಗೊಸ್‌ಗಳಲ್ಲಿ ಜನವರಿ 6ಕ್ಕೆ ರಾಜವೇಷದ ಹುಡುಗರ ಮೆರವಣಿಗೆ ನಡೆಯುತ್ತದೆ. ಗೋವೆಯಿಂದ ಬಂದವರ ವಂಶಸ್ಥರಿರುವ ಈ ಕಡೆ ಜ್ಞಾನಿಗಳು ಕಾಣಸಿಗುವುದು ಮುಖ್ಯವಾಗಿ ಗೋದಲಿಯ ಒಳಗೇ. ಆದ್ದರಿಂದ ಜನವರಿ 2ಕ್ಕೆ ಗೋದಲಿ ಬಿಚ್ಚಿದರೆ ಜ್ಞಾನಿಗಳು ದಾರಿಯಲ್ಲೇ ಉಳಿಯುತ್ತಾರೆ. ಜ್ಞಾನಸ್ನಾನದ ಹೊತ್ತಿಗಾದರೋ ಶಿಶು ಬೆಳೆದು ಮೂವತ್ತರ ಸುಮಾರಿನ ಗಂಡಸಾಗಿದ್ದಾನೆ. ಆಮೇಲೆ ಕೊಟ್ಟಿಗೆಯ ದೃಶ್ಯಕ್ಕೆ ಕಥೆಯಲ್ಲಿ ಜಾಗವಿಲ್ಲ. ಸಭೆಯ ಕ್ಯಾಲೆಂಡರನ್ನು ಪಕ್ಕಕ್ಕಿಟ್ಟು ಗೋದಲಿಯನ್ನೇ ಕೇಳಿದರೂ ಅದು ತೋರಿಸುವುದು ಇದೇ ಗಡಿಯನ್ನು.

ಜನವರಿ 1ರ ಪರವಾದ ವಾದ ಕಾಣುವಷ್ಟು ಬಡಕಲಲ್ಲ. ಅಂಗಡಿಗಳ ‘ಕ್ರಿಸ್ಮಸ್ ಮತ್ತು ಹೊಸ ವರ್ಷ’ದ ಜೋಡಿ ಬ್ಯಾನರು ಅದರ ಒಂದು ಕಾರಣ ಮಾತ್ರ. ಕ್ರಿಸ್ಮಸ್‌ನಿಂದ ಎಂಟನೆಯ ದಿನ ಜನವರಿ 1; ಹಬ್ಬವನ್ನು ಎಂಟು ದಿನ ಆಚರಿಸುವುದು ಸಭೆಯ ಪುರಾತನ ಪದ್ಧತಿ; ಈಗಿನ ರೋಮನ್ ಕ್ಯಾಲೆಂಡರಿನಲ್ಲಿ ಆ ದಿನ ದೇವಮಾತೆ ಮರಿಯಳ ಮಹೋತ್ಸವ, ಪುತ್ತೂರಿನ ಚರ್ಚು ಹೊತ್ತಿರುವ ಹೆಸರೂ ಅವಳದ್ದೇ. ಡಿಸೆಂಬರ್ 31ರ ರಾತ್ರಿಯ ಕೃತಜ್ಞತಾ ಪೂಜೆ, ಮರುದಿನದ ಹಬ್ಬ, ಉಳಿದ ಕುಸ್ವಾರಿನ (ಕ್ರಿಸ್ಮಸ್ ತಿಂಡಿಗಳ) ಡಬ್ಬಿ ಖಾಲಿಯಾಗುವುದು, ಪರಊರಿನಿಂದ ಬಂದ ಮಕ್ಕಳು ಬಸ್ಸು ಹತ್ತುವುದು ಇವೆಲ್ಲ ಒಟ್ಟಾದರೆ ಮನೆಗೆ ಹಬ್ಬ ಮುಗಿದ ಭಾವ ಬರುವುದು ಸಹಜ. ಜತೆಗೆ ಅದು ಅಡಿಕೆ ಕೊಯ್ಲಿನ ಹಂಗಾಮು. ಅಂಗಳ ಅಡಿಕೆಗೆ ಬೇಕು, ಕೈಗಳು ತೋಟಕ್ಕೆ ಬೇಕು. ಇಷ್ಟಾದರೂ ಎಂಟನೆಯ ದಿನ ಮುಗಿಯುವುದು ಹಬ್ಬದ ಮೊದಲ ಸುತ್ತು ಮಾತ್ರ. ಅದನ್ನು ಕೊನೆಯೆಂದು ಹಿಡಿದರೆ ಸುರಿಯಾನಿ ಮನೆಗಳ ದನಹಾ ಹಬ್ಬಕ್ಕೆ ಅಲಂಕಾರವೇ ಇಲ್ಲದಂತಾಗುತ್ತದೆ, ಲ್ಯಾಟಿನ್ ಮನೆಗಳ ಜ್ಞಾನಿಗಳಿಗೆ ಸ್ವಾಗತ ಇಲ್ಲದಂತಾಗುತ್ತದೆ. ಅನುಕೂಲದ ಮಾತು ಆಡಿ ಅನುಕೂಲಕ್ಕಾಗಿ ಇಳಿಸಲಿ. ಹಬ್ಬ ಮುಗಿಯಿತೆಂದು ಹೇಳಿ ಇಳಿಸಿದರೆ ಅದು ಸರಿಯಾದ ಲೆಕ್ಕವಲ್ಲ.

ಬೇಗ ಇಳಿಸುವವರ ನಿಜವಾದ ಕಾರಣ ಬೇರೆ ಕಡೆ ಇದೆ: ಬೇಗ ಏರಿಸಿರುವುದು. ನಕ್ಷತ್ರಗಳು ನವೆಂಬರಿನ ಕೊನೆಗೇ ಅಂಗಡಿಗಳ ಮುಂದೆ ತೂಗುತ್ತವೆ. ಕಾರ್ತಿಕದ ಗೂಡುದೀಪ ಇಳಿದ ಕೊಕ್ಕೆಗೇ ಕೆಲವು ಬೀದಿಗಳಲ್ಲಿ ನಕ್ಷತ್ರ ಏರುತ್ತದೆ ಎಂದರೂ ನಡೆದೀತು. ಡಿಸೆಂಬರ್ 1ಕ್ಕೆ ಕಟ್ಟಿದ್ದು ಜನವರಿ 11ರವರೆಗೆ ಇದ್ದರೆ ಒಟ್ಟು 42 ದಿನ, ಡಿಸೆಂಬರ್ 24ಕ್ಕೆ ಕಟ್ಟಿದ್ದಾದರೆ 19 ದಿನ. ನಲವತ್ತು ದಿನ ನೋಡಿದ್ದನ್ನು ಕಣ್ಣು ಬೇಡ ಎನ್ನುತ್ತದೆ. ಬೇಸರ ಬಂದದ್ದು ಹಬ್ಬದಿಂದಲ್ಲ, ಕಾಯುವಿಕೆಯ ಕಾಲವನ್ನು ಹಬ್ಬದ ಬಣ್ಣದಲ್ಲಿ ಕಳೆದುದರಿಂದ. ಲ್ಯಾಟಿನ್ ವಿಧಿಯಲ್ಲಿ ಡಿಸೆಂಬರ್ ಮೊದಲ ಮೂರು ವಾರ ಆಗಮನ ಕಾಲ, ಸಿದ್ಧತೆಯದು. ಸುರಿಯಾನಿ ಮನೆಗಳಲ್ಲಿ ಡಿಸೆಂಬರ್ 1ರಿಂದ ‘ಇಪ್ಪತ್ತೈದು ನೋಂಬು’, ಮೀನು ಮಾಂಸ ಬಿಡುವ ಉಪವಾಸ. ನೋಂಬಿನ ಮನೆಯ ಹೊರಗೆ ಹಬ್ಬದ ದೀಪ ಮಿನುಗುವ ವಿರೋಧಾಭಾಸವನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ನಕ್ಷತ್ರದ ಮಟ್ಟಿಗೆ ಒಂದು ರಿಯಾಯಿತಿ ಕೊಡಬಹುದು. ಜರ್ಮನಿಯ ಮೊರಾವಿಯನ್ ಸಭೆಯವರು, ಹತ್ತೊಂಬತ್ತನೆಯ ಶತಮಾನದಲ್ಲಿ ತಮ್ಮ ಶಾಲೆಯ ರೇಖಾಗಣಿತದ ಪಾಠದಿಂದ ಹುಟ್ಟಿದ ಬಹುಕೋನಗಳ ಕಾಗದದ ನಕ್ಷತ್ರವನ್ನು ಆಗಮನ ಕಾಲದ ಮೊದಲ ಭಾನುವಾರದಿಂದ ಜನವರಿ 6ರವರೆಗೆ ತೂಗುಹಾಕುತ್ತಾರೆ. ನಕ್ಷತ್ರ ದಾರಿ ತೋರಿಸುವ ವಸ್ತು, ಅದು ಮೊದಲೇ ಏರಬಹುದು. ಗೋದಲಿಯನ್ನು ಡಿಸೆಂಬರ್ ಮೂರನೆಯ ವಾರದವರೆಗೆ ತಡೆದರೆ ಜನವರಿ ಎರಡನೆಯ ವಾರ ದೂರವೆನಿಸುವುದಿಲ್ಲ.

ಇನ್ನೊಂದು ತುದಿಯ ವಾದ ಫೆಬ್ರವರಿ 2ರದು. ಮೋಶೆಯ ಧರ್ಮಶಾಸ್ತ್ರದಂತೆ ಗಂಡುಮಗು ಹೆತ್ತ ತಾಯಿಯ ಶುದ್ಧೀಕರಣಕ್ಕೆ 7 ಮತ್ತು 33 ಸೇರಿ 40 ದಿನ. ಡಿಸೆಂಬರ್ 25ರಿಂದ ಎಣಿಸಿದರೆ ನಲವತ್ತನೆಯ ದಿನ ಫೆಬ್ರವರಿ 2. ಅಂದು ಶಿಶುವನ್ನು ದೇವಾಲಯಕ್ಕೆ ಒಯ್ದದ್ದನ್ನು ಲ್ಯಾಟಿನ್ ಸಭೆ ಮೇಣದಬತ್ತಿ ಆಶೀರ್ವದಿಸಿ ಆಚರಿಸುತ್ತದೆ, ಆರ್ಥೊಡಾಕ್ಸ್ ಮತ್ತು ಮಲಂಕರ ಸಭೆಗಳು ‘ಮಾಯಲ್ತೊ’ ಎಂದು ಆಚರಿಸುತ್ತವೆ. ಎಲ್ಲ ಸಭೆಗಳಿಗೂ ಒಂದೇ ತಾರೀಕು, ಶಿಶು ಇನ್ನೂ ಶಿಶುವೇ. ಹಾಗಾದರೆ ಜ್ಞಾನಸ್ನಾನಕ್ಕಿಂತ ಇದೇ ಒಳ್ಳೆಯ ಗಡಿಯಲ್ಲವೇ? ಗೋದಲಿಯ ಕಥೆಯ ಲೆಕ್ಕದಲ್ಲಿ ಇದು ಬಲವಾದ ವಾದ, ಮಧ್ಯಯುಗದ ಯುರೋಪು ಇದನ್ನು ಒಪ್ಪಿತ್ತು ಕೂಡ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಹಸಿರು ಕೊಂಬೆಗಳನ್ನು ಫೆಬ್ರವರಿ 1ರ ಸಂಜೆಗೆ ಇಳಿಸುತ್ತಿದ್ದರು, ರಾಬರ್ಟ್ ಹೆರಿಕ್ ಎಂಬ ಕವಿ ಅದರ ಮೇಲೆ ಪದ್ಯವನ್ನೇ ಬರೆದ. 567ರ ಟೂರ್ಸ್ ಪರಿಷತ್ತು ಕ್ರಿಸ್ಮಸ್‌ನಿಂದ ಜನವರಿ 6ರವರೆಗಿನ ದಿನಗಳನ್ನು ಹಬ್ಬದ ದಿನಗಳೆಂದು ಗುರುತಿಸಿದ್ದರೂ ಅಲಂಕಾರ ಅದನ್ನು ಮೀರಿ ಉಳಿಯುತ್ತಿತ್ತು. ಹನ್ನೆರಡನೆಯ ರಾತ್ರಿ ದಾಟಿ ಇಟ್ಟರೆ ಅಪಶಕುನ ಎಂಬ ಮಾತು ಇಂಗ್ಲೆಂಡಿನಲ್ಲಿ ಗಟ್ಟಿಯಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಆ ಹನ್ನೆರಡನೆಯ ರಾತ್ರಿ ಜನವರಿ 5ರದೋ 6ರದೋ ಎಂದು ಅಲ್ಲಿ ಈಗಲೂ ಒಮ್ಮತವಿಲ್ಲ. ಯಾವ ದಿನ ಕೆಟ್ಟದ್ದೆಂಬುದೇ ತೀರ್ಮಾನವಾಗದ ಅಪಶಕುನಕ್ಕೆ ಇಲ್ಲಿಯವರು ಅಂಜಬೇಕಾಗಿಲ್ಲ.

ಫೆಬ್ರವರಿ 2ರ ವಾದಕ್ಕೆ ಇರುವ ತೊಡಕು ಇಂದಿನ ಆರಾಧನೆಯಲ್ಲಿದೆ. ಜ್ಞಾನಸ್ನಾನದ ಹಬ್ಬದ ಮರುದಿನದಿಂದ ಲ್ಯಾಟಿನ್ ಚರ್ಚಿನಲ್ಲಿ ಬಿಳಿ ಉಡುಪು ಹೋಗಿ ಸಾಮಾನ್ಯ ಕಾಲದ ಹಸಿರು ಬರುತ್ತದೆ, ಸುರಿಯಾನಿ ಚರ್ಚುಗಳಲ್ಲಿ ದನಹಾದ ಭಾನುವಾರಗಳು ನಡೆಯುತ್ತಿರುತ್ತವೆ. ಪೀಠದಲ್ಲಿ ಕಾಲ ಬದಲಾಗಿ ಬಾಗಿಲಲ್ಲಿ ಗೋದಲಿ ಉಳಿದರೆ ಎರಡು ಕಾಲಗಳು ಒಂದೇ ಸೂರಿನಡಿ ಜಗಳಕ್ಕೆ ನಿಂತಂತೆ. ಊರಿನ ವ್ಯವಹಾರವೂ ಅಷ್ಟರಲ್ಲಿ ಮುಂದೆ ಹೋಗಿರುತ್ತದೆ. ಜನವರಿ 14ಕ್ಕೆ ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಬಾಲಯೇಸುವಿನ ವಾರ್ಷಿಕ ಹಬ್ಬ, ಆ ಸುಮಾರಿಗೇ ಮಕರ ಸಂಕ್ರಾಂತಿ, ತಿಂಗಳ ಕೊನೆಗೆ ಕಾರ್ಕಳದ ಅತ್ತೂರು ಸಂತ ಲಾರೆನ್ಸರ ಜಾತ್ರೆ. ನಡುವೆ ಊರೂರ ನೇಮ, ಜಾತ್ರೆ. ಗೋದಲಿಯನ್ನು ಮನೆಯೊಳಗಿನ ಪ್ರಾರ್ಥನೆಯ ಮೂಲೆಯಲ್ಲಿ ಚಿಕ್ಕದಾಗಿ ಫೆಬ್ರವರಿ 2ರವರೆಗೆ ಇಟ್ಟುಕೊಳ್ಳುವ ಭಕ್ತಿಗೆ ಅಡ್ಡಿ ಮಾಡುವ ಕಾರಣವಿಲ್ಲ. ಹೊರಗಿನ ನಕ್ಷತ್ರಕ್ಕೂ ರಸ್ತೆಗೆ ಕಾಣುವ ದೀಪಕ್ಕೂ ಆ ವಿನಾಯಿತಿ ಬೇಡ. ಅವು ಊರಿಗೆ ಹಬ್ಬದ ಸುದ್ದಿ ಹೇಳುವಂಥವು, ಸುದ್ದಿ ಹಳತಾದ ಮೇಲೆ ಹೇಳುತ್ತಿರುವುದರಲ್ಲಿ ಅರ್ಥವಿಲ್ಲ.

ಕೊನೆಯೆಂಬುದರ ಬಗ್ಗೆ ತುಳುನಾಡಿಗೆ ತನ್ನದೇ ತಿಳಿವಳಿಕೆ ಇದೆ, ಅದು ಈ ಪ್ರಶ್ನೆಗೆ ಎರಡು ಬಗೆಯಲ್ಲಿ ಬೆಳಕು ಹಾಯಿಸುತ್ತದೆ. ಒಂದು, ಖಚಿತವಾದ ಮುಕ್ತಾಯ. ಪುತ್ತೂರಿನ ಮಹಾಲಿಂಗೇಶ್ವರ ದೇವಸ್ಥಾನದಲ್ಲಿ ಎಪ್ರಿಲ್ 10ಕ್ಕೆ ಕೊಡಿ (ಧ್ವಜ) ಏರುತ್ತದೆ, 17ಕ್ಕೆ ಬ್ರಹ್ಮರಥ. ಕೊಡಿ ಇಳಿಯುವವರೆಗೆ ಜಾತ್ರೆ ಮುಗಿದಂತಲ್ಲ, ಇಳಿದ ಮೇಲೆ ಜಾತ್ರೆಯಿಲ್ಲ. ಬೇಶ ತಿಂಗಳ ಹತ್ತನೆಯ ದಿನ, ಮೇ 24ರ ಸುಮಾರಿಗೆ ಬರುವ ಪತ್ತನಾಜೆಯಂದು ಗಗ್ಗರ ಬಿಚ್ಚಿದರೆ ಮತ್ತೆ ದೀಪಾವಳಿಯ ಕಾಲದವರೆಗೆ ಕೋಲವಿಲ್ಲ, ಮೇಳಗಳ ತಿರುಗಾಟವಿಲ್ಲ. ಇನ್ನೊಂದು, ಇಳಿಸದೆ ಬಿಡುವ ರೂಢಿ. ತೆನೆ ಹಬ್ಬವಾದ ಕುರಲ್ ಪರ್ಬದ ದಿನ ಕಂಬಕ್ಕೆ, ಬಾಗಿಲಿಗೆ ಎಲೆಗಳ ಜತೆ ಸುತ್ತಿ ಕಟ್ಟಿದ ತೆನೆ ಅಲ್ಲೇ ಒಣಗಿ, ಮುಂದಿನ ವರ್ಷದ ತೆನೆ ಬಂದಾಗಲೇ ಜಾಗ ಬಿಡುತ್ತದೆ. ಮಾವಿನೆಲೆಯ ತೋರಣವೂ ಹಾಗೆಯೇ. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್‌ನಲ್ಲಿ ಆಶೀರ್ವದಿಸಿದ ತೆನೆಯನ್ನು ಮನೆಗೆ ತರುವ ಕೊಂಕಣಿ ಕುಟುಂಬಗಳಿಗೂ ಈ ಮನೋಭಾವ ಹೊಸತಲ್ಲ. ನಕ್ಷತ್ರವನ್ನು ತಾನಾಗಿ ಹರಿದು ಬೀಳುವವರೆಗೆ ಬಿಡುವವರನ್ನು ಉದಾಸೀನರೆಂದು ಬೈಯುವ ಮೊದಲು ಇದನ್ನು ನೆನೆಯಬೇಕು. ಆದರೆ ತೆನೆಗೂ ನಕ್ಷತ್ರಕ್ಕೂ ವ್ಯತ್ಯಾಸವಿದೆ. ತೆನೆ ವರ್ಷವಿಡೀ ಮನೆ ತುಂಬಿರಲೆಂಬ ಹಾರೈಕೆ, ಅದರ ಕೆಲಸ ಮುಗಿಯುವುದೇ ಇಲ್ಲ. ನಕ್ಷತ್ರ ಮತ್ತು ಗೋದಲಿ ಕೊಡಿಯ ಜಾತಿಗೆ ಸೇರಿದವು: ಒಂದು ಅವಧಿಯನ್ನು ಸಾರಲು ಏರುತ್ತವೆ, ಅವಧಿ ತೀರಿದಾಗ ಇಳಿಯಬೇಕು.

ಮೊದಲು ಈ ಅವಧಿಯನ್ನು ಕಾಯಲು ಸಾಮಗ್ರಿಯೇ ನೆರವಾಗುತ್ತಿತ್ತು. ಗುಡ್ಡದ ಮುಳಿಹುಲ್ಲಿನ ಮಾಡು, ಬೈಹುಲ್ಲಿನ ಹಾಸು, ಪಾಚಿ ಹಿಡಿದ ಕಲ್ಲು. ಗೆರಟೆಯಲ್ಲೋ ಡಬ್ಬಿಯಲ್ಲೋ ಭತ್ತ, ರಾಗಿ ಬಿತ್ತಿ ಹಬ್ಬಕ್ಕೆ ಹಸಿರಾಗುವಂತೆ ಬೆಳೆಸಿದ ಪುಟ್ಟ ಗದ್ದೆ. ಈ ಪೈರು ಜನವರಿ ಮೊದಲ ವಾರ ದಾಟುವಾಗ ಹಳದಿ ತಿರುಗುತ್ತದೆ. ಬಿದಿರ ಕಡ್ಡಿಗೆ ಬಣ್ಣದ ಕಾಗದ ಅಂಟಿಸಿದ ನಕ್ಷತ್ರ ಘಟ್ಟದ ಬುಡದ ಇಬ್ಬನಿಗೆ ತೊಯ್ದು ಜೋಲುತ್ತದೆ. ಹಾಗಾಗಿ ಕ್ಯಾಲೆಂಡರು ನೋಡದವರ ಮನೆಯಲ್ಲೂ ಅಲಂಕಾರ ಸರಿಯಾದ ಹೊತ್ತಿಗೇ ಇಳಿಯುತ್ತಿತ್ತು. ಪ್ಲಾಸ್ಟಿಕ್ ನಕ್ಷತ್ರ, ಕೃತಕ ಹುಲ್ಲು, ಎಲ್‌ಇಡಿ ಸರ ಬಂದ ಮೇಲೆ ಆ ಗಡಿಯಾರ ನಿಂತುಹೋಯಿತು. ವಿದ್ಯುತ್ತಿನ ಖರ್ಚೂ ಈಗ ಎಚ್ಚರಿಸುವುದಿಲ್ಲ: 40 ವಾಟಿನ ಹಳೆಯ ಬಲ್ಬು ದಿನಕ್ಕೆ 6 ಗಂಟೆಯಂತೆ 40 ದಿನ ಉರಿದರೆ 9.6 ಯೂನಿಟ್, 5 ವಾಟಿನ ಎಲ್‌ಇಡಿಗಾದರೆ 1.2 ಯೂನಿಟ್. ಮೆಸ್ಕಾಂ ಬಿಲ್ಲಿನಲ್ಲಿ ಅದು ಕಣ್ಣಿಗೇ ಬೀಳದು. ಉಳಿದಿರುವ ಒಂದೇ ಒತ್ತಾಯ ಬೆಂಕಿಯದು. ಮುಳಿಹುಲ್ಲಿನ ಗೋದಲಿಯೊಳಗೆ ಅಗ್ಗದ ವೈರಿನ ಸರ ಸುತ್ತಿ ವಾರಗಟ್ಟಲೆ ರಾತ್ರಿಯಿಡೀ ಉರಿಸುವುದು ಅಪಾಯ. ಹುಲ್ಲು ದಿನೇದಿನೇ ಇನ್ನಷ್ಟು ಒಣಗುತ್ತಿರುತ್ತದೆ. ಇದು ಗೋದಲಿಯನ್ನು ಬೇಗ ಬಿಚ್ಚಲು ಕಾರಣವಲ್ಲ, ಮಲಗುವ ಮೊದಲು ಸ್ವಿಚ್ ಆರಿಸಲು ಕಾರಣ. ಬಾಳಿಕೆ ಬರುವ ವಸ್ತುಗಳನ್ನು ತಂದುಕೊಂಡವರು ಇಳಿಸುವ ದಿನವನ್ನು ತಾವೇ ಗೊತ್ತುಮಾಡಬೇಕಾಗಿದೆ. ಕ್ಯಾಲೆಂಡರಿನ ಮಾತಿಗೆ ಹಿಂದೆಂದಿಗಿಂತ ಈಗ ಹೆಚ್ಚು ಬೆಲೆ ಬಂದಿರುವುದು ಇದರಿಂದಲೇ.

ಶಾಲೆ, ಅಂಗಡಿ, ಬ್ಯಾಂಕುಗಳ ಅಲಂಕಾರಕ್ಕೆ ಈ ಚರ್ಚೆ ಅನ್ವಯಿಸುವುದಿಲ್ಲ. ಅವು ತಮ್ಮ ರಜೆ ಮತ್ತು ವ್ಯಾಪಾರದ ಲೆಕ್ಕದಲ್ಲಿ ಇಳಿಯುತ್ತವೆ. ಬೇರೆ ಬೇರೆ ವಿಧಿಯ ಎರಡು ಮನೆತನಗಳು ಮದುವೆಯಿಂದ ಒಂದಾದ ಕಡೆ ಯಾರ ಕ್ಯಾಲೆಂಡರು ಎಂಬ ಪ್ರಶ್ನೆ ನಿಜವಾಗಿ ಏಳುತ್ತದೆ. ಅಲ್ಲಿ ಮನೆಯವರು ಹೋಗುವ ಚರ್ಚಿನ ಗೋದಲಿಯನ್ನು ಅನುಸರಿಸುವುದು ಸರಳ, ಲ್ಯಾಟಿನ್ ವಿಧಿಯ ಜ್ಞಾನಸ್ನಾನದ ಹಬ್ಬ ದಾಟಿಸಿದರೆ ಇಬ್ಬರ ಹಬ್ಬಕ್ಕೂ ಚ್ಯುತಿಯಿಲ್ಲ. ಇಳಿಸಿದ ಬೊಂಬೆಗಳನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ, ಬೈಹುಲ್ಲನ್ನು ಹಟ್ಟಿಗೆ, ಒಣಪೈರನ್ನು ತೆಂಗಿನ ಬುಡಕ್ಕೆ ಹಾಕಿದರೆ ಕೆಲಸ ಮುಗಿಯಿತು. ಹರಿದ ಪ್ಲಾಸ್ಟಿಕ್ ನಕ್ಷತ್ರವನ್ನು ಒಲೆಗೆ ಹಾಕಬಾರದು. ಮುಂದಿನ ವರ್ಷಗಳ ಲೆಕ್ಕ ಹೇಳುವುದಾದರೆ, ದನಹಾ ಎಂದಿನಂತೆ ಜನವರಿ 6ಕ್ಕೆ. ಲ್ಯಾಟಿನ್ ವಿಧಿಯ ಜ್ಞಾನಸ್ನಾನದ ಹಬ್ಬ 2027ರಲ್ಲಿ ಜನವರಿ 10ರ ಭಾನುವಾರ, 2028ರಲ್ಲಿ 9ರ ಭಾನುವಾರ. 2029ರಲ್ಲಿ ಜ್ಞಾನಿಗಳ ಹಬ್ಬ 7ರ ಭಾನುವಾರ ಬೀಳುವುದರಿಂದ ಜ್ಞಾನಸ್ನಾನ 8ರ ಸೋಮವಾರಕ್ಕೆ ಬರುತ್ತದೆ. ಆ ವರ್ಷ ಶನಿವಾರ ದನಹಾ, ಭಾನುವಾರ ಜ್ಞಾನಿಗಳು, ಸೋಮವಾರ ಜ್ಞಾನಸ್ನಾನ. ನೆಲ್ಯಾಡಿಯ ರಸ್ತೆಯ ಎಲ್ಲ ಮನೆಗಳಿಗೂ ಮೂರು ದಿನಕ್ಕೆ ಒಂದೇ ಏಣಿ ಸಾಕಾದೀತು.